ತಪ್ಪು ಒಪ್ಪಿಕೊಂಡರೆ ಬಿಟ್ಟುಬಿಡ್ತಾರಾ?

ಪ್ರಶ್ನೆ: ಅಮೆರಿಕದಲ್ಲಿ ವಲಸಿಗರನ್ನು ಕದ್ದು ಸಾಗಿಸಿ ಸಿಕ್ಕಿಬಿದ್ದವರು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು ಅಂತ ಆಗಾಗ ಸುದ್ದಿ ಬರುತ್ತದೆ. ವಾದವನ್ನೇ ಮಾಡದೆ ಯಾಕೆ ಒಪ್ಪಿಕೊಳ್ಳುತ್ತಾರೆ? ಒಪ್ಪಿಕೊಂಡರೆ ಬಿಟ್ಟುಬಿಡ್ತಾರಾ?

ಬಿಡುವುದಿಲ್ಲ. ಜಡ್ಜ್ ಆ ಒಪ್ಪಿಗೆಯನ್ನು ಸ್ವೀಕರಿಸಿದರೆ ಅಲ್ಲಿಗೆ ಅವರು ಅಪರಾಧಿ. ಆಮೇಲೆ ಉಳಿಯುವುದು ಶಿಕ್ಷೆ ಎಷ್ಟು ಅನ್ನುವ ಲೆಕ್ಕ.

ಒಪ್ಪಿಕೊಳ್ಳುವುದಕ್ಕೆ ಮೊದಲ ಕಾರಣ ಸಾಕ್ಷಿ. ಡ್ರೈವರ್ ಸಿಕ್ಕಿಬೀಳುವುದೇ ಗಾಡಿಯಲ್ಲಿ ಜನ ಇರುವಾಗ. ಫೋನಿನಲ್ಲಿ ಮೆಸೇಜುಗಳಿರುತ್ತವೆ. ಕೂತು ಬಂದವರೇ ಸಾಕ್ಷಿ ಹೇಳಬಲ್ಲರು. ಈ ಸಾಕ್ಷಿಗಳ ಪಾಡು ನನಗೆ ತುಂಬ ನೋವು ಕೊಡುವ ವಿಷಯ. ಕೇಸು ಮುಗಿಯುವ ತನಕ ಅವರನ್ನೂ ಹಿಡಿದಿಡಬಹುದು. ಆರೋಪಿ ಬೇಗ ಒಪ್ಪಿಕೊಂಡರೆ ಅವರ ಕಾಯುವಿಕೆಯೂ ಬೇಗ ಮುಗಿಯುತ್ತದೆ.

ನಿಜವಾದ ಚೌಕಾಸಿ ನಡೆಯುವುದು ಯಾವ ಆರೋಪ ಒಪ್ಪಿಕೊಳ್ಳಬೇಕು ಅನ್ನುವುದರ ಮೇಲೆ. ಹಣಕ್ಕಾಗಿ ಗಡಿ ದಾಟಿಸಿ ಕರೆತಂದರೆ ಕನಿಷ್ಠ 3 ವರ್ಷ ಜೈಲು. ಜಡ್ಜ್‌ಗೆ ಮನಸ್ಸಿದ್ದರೂ ಇಳಿಸುವುದು ಕಷ್ಟ. ಗಡಿಯೊಳಗೆ ಬಂದವರನ್ನು ಮುಂದಕ್ಕೆ ಸಾಗಿಸಿದ ಆರೋಪಕ್ಕೆ ಆ ಕನಿಷ್ಠ ಇಲ್ಲ. ಹಾಗಾಗಿ ಎರಡನೆಯದನ್ನು ಒಪ್ಪಿಕೊಳ್ಳುತ್ತೇನೆ, ಮೊದಲನೆಯದನ್ನು ಕೈಬಿಡಿ ಅಂತ ಆರೋಪಿಯ ವಕೀಲರು ಕೇಳುತ್ತಾರೆ.

ಇನ್ನು ವರ್ಷಗಳ ಲೆಕ್ಕ. ಇದಕ್ಕೊಂದು ಅಂಕಗಳ ಪಟ್ಟಿ ಇದೆ. ಈ ಅಪರಾಧಕ್ಕೆ ಸಾಮಾನ್ಯವಾಗಿ 12 ಅಂಕದಿಂದ ಶುರು. ಸಾಗಿಸಿದ್ದು 6ರಿಂದ 24 ಜನರನ್ನಾದರೆ ಇನ್ನೂ 3 ಸೇರಿ 15. ಹಳೆಯ ಕೇಸುಗಳಿಲ್ಲದವರಿಗೆ ಅದು 18ರಿಂದ 24 ತಿಂಗಳು. ತಪ್ಪು ಒಪ್ಪಿಕೊಂಡರೆ 2 ಅಂಕ ಕಳೆಯುತ್ತಾರೆ, ಆಗ 12ರಿಂದ 18 ತಿಂಗಳು. ಅಷ್ಟೇ ಲಾಭ. ಜಡ್ಜ್ ಈ ಪಟ್ಟಿಯನ್ನು ನೋಡಲೇಬೇಕು, ಆದರೆ ಅದಕ್ಕೇ ಅಂಟಿಕೊಳ್ಳಬೇಕು ಅಂತ ಇಲ್ಲ. ಫೆಡರಲ್ (ಕೇಂದ್ರ ಸರ್ಕಾರದ) ಜೈಲಿನಲ್ಲಿ, ಶಿಕ್ಷೆಯ ನಡುವೆ ಷರತ್ತಿನ ಮೇಲೆ ಬಿಡುವ ಪೆರೋಲೂ ಇಲ್ಲ.

ಜನ ಸತ್ತಿದ್ದರೆ ಮಾತೇ ಬೇರೆ. ಆಗ ಜೀವಾವಧಿವರೆಗೂ ಹೋಗಬಹುದು, ಕಾನೂನಿನಲ್ಲಿ ಮರಣದಂಡನೆಗೂ ಅವಕಾಶವಿದೆ. 2022ರ ಜೂನ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಒಂದು ಟ್ರಕ್ಕಿನೊಳಗೆ ಬಿಸಿಲಿನ ಧಗೆಗೆ ಸಿಕ್ಕಿ 53 ಜನ ಸತ್ತರು. ಮಕ್ಕಳೂ ಇದ್ದರು. ಆ ಕೇಸಿನಲ್ಲಿ ಹಲವರು ತಪ್ಪು ಒಪ್ಪಿಕೊಂಡರು. ಒಪ್ಪದೆ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಮುಂದೆ ಹೋದ ಇಬ್ಬರಲ್ಲಿ ಒಬ್ಬನಿಗೆ 2025ರಲ್ಲಿ ಜೀವಾವಧಿ, ಇನ್ನೊಬ್ಬನಿಗೆ 80ಕ್ಕೂ ಹೆಚ್ಚು ವರ್ಷ ಜೈಲು ಶಿಕ್ಷೆಯಾಯಿತು.

ಸುಮ್ನೆ ಕಾಗದಕ್ಕೆ ಸಹಿ ಹಾಕಿದರೆ ಸಾಲದು. ತೆರೆದ ಕೋರ್ಟಿನಲ್ಲಿ ಜಡ್ಜ್ ಆರೋಪಿಯನ್ನು ನೇರವಾಗಿ ಮಾತಾಡಿಸಬೇಕು. ಯಾರಾದರೂ ಹೆದರಿಸಿದರಾ? ಜ್ಯೂರಿ ವಿಚಾರಣೆಯ ಹಕ್ಕು ಹೋಗುತ್ತದೆ, ಗೊತ್ತಾ? ತಪ್ಪು ನಡೆದಿದೆ ಅನ್ನುವುದಕ್ಕೆ ಆಧಾರವೂ ಇರಬೇಕು.

ಅಮೆರಿಕದ ಪೌರತ್ವ ಇಲ್ಲದವರಿಗೆ ಇದೆಲ್ಲಕ್ಕಿಂತ ದೊಡ್ಡದು ಗಡಿಪಾರು. ಗ್ರೀನ್ ಕಾರ್ಡ್ ಇದ್ದರೂ ಈ ಅಪರಾಧ ಅದನ್ನು ಕಿತ್ತುಕೊಳ್ಳಬಹುದು. ತಪ್ಪೊಪ್ಪಿಗೆಯಿಂದ ಗಡಿಪಾರಿನ ಅಪಾಯ ಇದ್ದರೆ ವಕೀಲರು ಮೊದಲೇ ತಿಳಿಸಬೇಕು ಅಂತ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿರುವ ನಮ್ಮವರು ಯಾರಾದರೂ ಇಂಥ ಕೇಸಿನಲ್ಲಿ ಸಿಕ್ಕಿಕೊಂಡಿದ್ದರೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಲಸೆ ಕಾನೂನು ಗೊತ್ತಿರುವ ವಕೀಲರನ್ನೂ ಕೇಳಲಿ.