ಆಟಕ್ಕೊಬ್ಬ ರಾಜ ಬೇಕು, ಅಪ್ಪಣೆ ಯಾರದು?

1991ರಲ್ಲಿ ಮೈಕ್ರೋಪ್ರೋಸ್ ಕಂಪನಿ ಒಂದು ನಾಗರಿಕತೆಯನ್ನು ಆಳಿ ಬೆಳೆಸುವ ‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಗೇಮ್ ಹೊರತಂದಾಗ ಅದರಲ್ಲಿ 14 ನಾಗರಿಕತೆಗಳಿದ್ದವು, ಒಂದೊಂದಕ್ಕೂ ಒಬ್ಬ ನಾಯಕ. ರೋಮ್‌ಗೆ ಸೀಸರ್, ದಕ್ಷಿಣ ಆಫ್ರಿಕಾದ ಜುಲುಗಳಿಗೆ ಶಾಕಾ, ರಷ್ಯಾಕ್ಕೆ ಸ್ಟಾಲಿನ್, ಚೀನಾಕ್ಕೆ ಮಾವೋ, ಭಾರತಕ್ಕೆ ಗಾಂಧಿ. ಜರ್ಮನಿಗೆ ಮಾತ್ರ ಹದಿನೆಂಟನೇ ಶತಮಾನದ ಫ್ರೆಡರಿಕ್, ಕಾರಣ ಹೇಳಬೇಕಿಲ್ಲ. ಕೇಳಿದ ಕೂಡಲೇ ಗುರುತು ಸಿಗುವ ಹೆಸರಾದರೆ ಸಾಕು ಎಂಬ ಕಾಲ ಅದು. ಲೆಕ್ಕಾಚಾರವೂ ಬಣ್ಣಗಳದ್ದೇ: ಒಂದು ಬಣ್ಣಕ್ಕೆ ಎರಡು ನಾಗರಿಕತೆಗಳ ಜೋಡಿ, ಒಂದು ಸಲಕ್ಕೆ ಜೋಡಿಯಲ್ಲಿ ಒಂದಕ್ಕಷ್ಟೇ ಆಟದಲ್ಲಿ ಜಾಗ. ಭಾರತೀಯರು ಮತ್ತು ಮಂಗೋಲರು ಒಂದೇ ಬಣ್ಣದ ಪಾಲುದಾರರಾದ್ದರಿಂದ ಗಾಂಧಿ ಮತ್ತು ಚೆಂಗೀಸ್ ಖಾನ್ ಆಟದಲ್ಲಿ ಎದುರುಬದುರು ನಿಲ್ಲುವಂತೆಯೇ ಇರಲಿಲ್ಲ.

1996ರ ಎರಡನೇ ಆವೃತ್ತಿ ಪ್ರತಿ ನಾಗರಿಕತೆಗೂ ಒಬ್ಬ ಗಂಡು, ಒಬ್ಬ ಹೆಣ್ಣು ನಾಯಕರನ್ನು ಕೊಟ್ಟಿತು. ಉದ್ದೇಶ ಒಳ್ಳೆಯದೇ, ಆದರೆ ಕೆಲವು ಕಡೆ ತೇಪೆ ಎದ್ದು ಕಾಣುತ್ತಿತ್ತು. ಭಾರತಕ್ಕೆ ಇಂದಿರಾ ಗಾಂಧಿ ಸಿಕ್ಕರು, ಜಪಾನಿಗೆ ಸೂರ್ಯದೇವತೆ ಅಮತೆರಸು, ಜುಲುಗಳಿಗೆ ‘ಶಕಾಲಾ’ ಎಂಬ ಕಟ್ಟುಹೆಸರು. ಇದನ್ನೆಲ್ಲ ಜುಲುಗಳನ್ನು ಕೇಳಿ ಮಾಡಬೇಕು ಎಂದು ಆಗ ಯಾರಿಗೂ ತೋಚಿದಂತಿಲ್ಲ.

ಆ ಪ್ರಶ್ನೆ ಜೋರಾಗಿ ಎದ್ದದ್ದು ಐದನೇ ಆವೃತ್ತಿಯ ಹೊತ್ತಿಗೆ. 1680ರಲ್ಲಿ ಸ್ಪೇನಿನವರ ವಿರುದ್ಧ ದಂಗೆ ಎದ್ದ, ಅಮೆರಿಕದ ಮೂಲನಿವಾಸಿಗಳಾದ ಪುವೆಬ್ಲೊ ಜನರ ನಾಯಕ ಪೊಪೆಯನ್ನು ಸೇರಿಸಲು, ಆ ಹೊತ್ತಿಗೆ ಆಟದ ತಯಾರಕನಾಗಿದ್ದ ಫಿರಾಕ್ಸಿಸ್ ಕಂಪನಿ ಹೊರಟಿತ್ತು. ಪುವೆಬ್ಲೊ ಮುಖಂಡರು ಒಪ್ಪಲಿಲ್ಲ. ಈ ಆಟದಲ್ಲಿ ನಾಯಕ ಬರೀ ಚಿತ್ರವಲ್ಲ, ತನ್ನದೇ ನುಡಿಯಲ್ಲಿ ಮಾತಾಡುವ, ಸಿಟ್ಟಾಗುವ, ಸೋಲೊಪ್ಪುವ ಪಾತ್ರ. ಪೂಜ್ಯನಾದವನ ಬಾಯಲ್ಲಿ ಹಾಗೆ ಮಾತು ತುರುಕುವುದು ಅವರಿಗೆ ಸಲ್ಲದ ಕೆಲಸ. ಕಂಪನಿ ಕೈಬಿಟ್ಟಿತು. ಆಟಕ್ಕೆ 2013ರಲ್ಲಿ ಸೇರಿಸಿದ ವಿಸ್ತರಣೆಯಲ್ಲಿ ಅವರ ಬದಲಿಗೆ ಅಮೆರಿಕದ ಇನ್ನೊಂದು ಮೂಲನಿವಾಸಿ ಸಮುದಾಯವಾದ ಶೋಶೋನಿಗಳು ಬಂದರು.

ಆದರೂ 2018ರಲ್ಲಿ ಮತ್ತೆ ಎಡವಟ್ಟಾಯಿತು. ಆರನೇ ಆವೃತ್ತಿಗೆ ಕೆನಡಾದ ಮೂಲನಿವಾಸಿಗಳಾದ ಕ್ರೀ ಜನರನ್ನೂ ಅವರ ನಾಯಕ ಪೌಂಡ್‌ಮೇಕರ್‌ನನ್ನೂ ಸೇರಿಸಿದಾಗ, ಅವನದೇ ಹೆಸರಿನ ಸಮುದಾಯದ ಮುಖಂಡ ಮಿಲ್ಟನ್ ಟೂಟೂಸಿಸ್ ಬಹಿರಂಗವಾಗಿ ಆಕ್ಷೇಪಿಸಿದರು. ಪರರನ್ನು ಗೆದ್ದು ನೆಲ ಕಬಳಿಸುವುದು ವಸಾಹತುಶಾಹಿಗಳ ಮೌಲ್ಯ, ತಮ್ಮವರದ್ದೂ ಅದೇ ಎಂಬಂತೆ ಆಟ ತೋರಿಸುತ್ತದೆ ಎಂಬುದು ಅವರ ತಕರಾರು. ಪೌಂಡ್‌ಮೇಕರ್ 1885ರಲ್ಲಿ ಹಿಮ್ಮೆಟ್ಟುತ್ತಿದ್ದ ಕೆನಡಾ ಸೈನಿಕರನ್ನು ಬೆನ್ನಟ್ಟದಂತೆ ತನ್ನವರನ್ನು ತಡೆದವನು. ಅಷ್ಟಾಗಿಯೂ ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹೋದವನು. ಕೆನಡಾ ಸರ್ಕಾರ ಅವನನ್ನು ನಿರ್ದೋಷಿ ಎಂದು ಘೋಷಿಸಿದ್ದು 2019ರಲ್ಲಿ.

ತಯಾರಕರು ಅವನನ್ನು ಯುದ್ಧಕೋರನನ್ನಾಗಿ ಮಾಡಿರಲಿಲ್ಲ, ನಿಜ. ಕ್ರೀಗಳಿಗೆ ಸಿಕ್ಕ ವಿಶೇಷ ಶಕ್ತಿಗಳು ಮೈತ್ರಿ ಮತ್ತು ವ್ಯಾಪಾರದವು. ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿ: ಕ್ರೀ ವರ್ತಕ ತಮ್ಮ ನಗರದ ಸುತ್ತಲಿನ ಯಾರದ್ದೂ ಅಲ್ಲದ, ಭೂಪಟದ ಆರು ಮೂಲೆಯ ತುಂಡಿಗೆ ಮೊದಲ ಬಾರಿ ಕಾಲಿಟ್ಟರೆ ಆ ತುಂಡು ಕ್ರೀಗಳ ಸ್ವತ್ತಾಗುತ್ತದೆ. ನಡೆದಷ್ಟೂ ನೆಲ ನಮ್ಮದು! ಟೂಟೂಸಿಸ್ ಹೇಳಿದ್ದು ಇದಕ್ಕಿಂತ ಬೇರೆ ಏನು? ತಪ್ಪು ಪಾತ್ರದ ಆಯ್ಕೆಯಲ್ಲಿರಲಿಲ್ಲ. ಭೂಪಟದ ಪ್ರತಿ ತುಂಡಿಗೂ ಒಡೆಯನಿರಬೇಕು ಎಂಬ ಆಟದ ತರ್ಕದಲ್ಲೇ ಇತ್ತು ಎಂದು ನನಗನ್ನಿಸುತ್ತದೆ.

2025ರ ಫೆಬ್ರವರಿಯಲ್ಲಿ ಬಂದ ಏಳನೇ ಆವೃತ್ತಿಗೆ ಕಂಪನಿ ಮೊದಲೇ ಅಮೆರಿಕದ ಶಾನಿ ಬುಡಕಟ್ಟಿನ ಬಾಗಿಲು ತಟ್ಟಿತು. ಅವರ ಹಿಂದಿನ ನಾಯಕ ಟೆಕಂಸೆಯ ಪಾತ್ರವನ್ನು ಅವರೊಂದಿಗೆ ಕೂತು ರೂಪಿಸಿತು. ಅವನು ಆಡುವುದು ಶಾನಿ ನುಡಿಯನ್ನೇ. ಟೆಕಂಸೆಯೂ ಶಾನಿಗಳೂ ಇದ್ದ ಹೆಚ್ಚುವರಿ ಪ್ಯಾಕ್ ಮುಂಗಡ ಬುಕಿಂಗ್ ಮಾಡಿದವರಿಗೆ ಉಡುಗೊರೆಯಾಗಿ ಹೋಯಿತು ಎನ್ನುವುದು ವ್ಯಾಪಾರದ ಮಾತು.

ಭಾರತಕ್ಕೂ ಈ ಸಲ ಒಂದೇ ಕುರ್ಚಿಯಲ್ಲ. ಮೌರ್ಯರು, ಚೋಳರು, ಮೊಘಲರು ಬೇರೆಬೇರೆ ಯುಗಗಳಲ್ಲಿ ಬರುತ್ತಾರೆ. ನಾಯಕನನ್ನೂ ನಾಗರಿಕತೆಯನ್ನೂ ಬೇರೆಬೇರೆಯಾಗಿ ಆರಿಸಿಕೊಳ್ಳುವುದರಿಂದ ಅಶೋಕ ಚೋಳರನ್ನೂ ಆಳಬಹುದು. ಅವನಿಗೂ ಎರಡು ಅವತಾರ, ಒಂದು ಜಗವನ್ನು ಗೆದ್ದದ್ದು, ಇನ್ನೊಂದು ಜಗವನ್ನು ತೊರೆದದ್ದು. ಚೋಳರೊಂದಿಗೆ ತಲೆಮಾರುಗಟ್ಟಲೆ ಕಾದಾಡಿದ ಚಾಲುಕ್ಯರು ಆ ಬಿಡುಗಡೆಯಲ್ಲಿ ಇರಲಿಲ್ಲ. ಕನ್ನಡದ ಆಟಗಾರ ಗೊಣಗಿದರೆ ತಪ್ಪೇನಿಲ್ಲ. ಆದರೆ ಶಾನಿಗಳಿಗೆ ಇಂದಿಗೂ ಚುನಾಯಿತ ಮುಖ್ಯಸ್ಥನಿದ್ದಾನೆ, ಕೇಳಲು ಒಂದು ವಿಳಾಸವಿದೆ. ನಾಳೆ ಇಮ್ಮಡಿ ಪುಲಕೇಶಿಯನ್ನು ಸೇರಿಸಲು ಹೊರಟವರು ಯಾರನ್ನು ಕೇಳಬೇಕು: ಬಾದಾಮಿಯವರನ್ನೇ, ಇತಿಹಾಸದ ಮೇಷ್ಟ್ರುಗಳನ್ನೇ, ಸರ್ಕಾರವನ್ನೇ?