ವಿದ್ಯಾರ್ಥಿ ಸಂಘದ ಶುಲ್ಕ: ಆಸ್ಟ್ರೇಲಿಯಾ ಸಂಸದರ ಮತದಾಖಲೆ ಓದುವ ಬಗೆ

ವಿದ್ಯಾರ್ಥಿ ಸಂಘದ ಶುಲ್ಕ ಐಚ್ಛಿಕವಾಗಿರಬೇಕು ಎನ್ನುವವರು ಯಾರು ಎಂದು ತಿಳಿಯಲು 'ಪರ' ಮತಗಳನ್ನು ಎಣಿಸುತ್ತ ಕೂತರೆ ಲೆಕ್ಕ ತಪ್ಪುತ್ತದೆ. 2005ರ ಮಸೂದೆಗೆ 'ಪರ' ಎಂದರೆ ಕಡ್ಡಾಯ ಶುಲ್ಕ ಹೋಗಲಿ ಎಂದು. 2011ರದಕ್ಕೆ 'ಪರ' ಎಂದರೆ ಶುಲ್ಕ ಮತ್ತೆ ಬರಲಿ ಎಂದು. ಮೊದಲನೆಯದನ್ನು ವಿರೋಧಿಸಿ ಎರಡನೆಯದಕ್ಕೆ ಕೈಯೆತ್ತಿದವರು ನಿಲುವು ಬದಲಿಸಿಲ್ಲ. ಎರಡಕ್ಕೂ 'ಪರ' ಎಂದವರಿದ್ದರೆ ಅವರನ್ನು ಕಾರಣ ಕೇಳಬೇಕು.

ಇನ್ನೊಂದು ಗೊಂದಲವಿದೆ. 2011ರಲ್ಲಿ ಮರಳಿದ್ದು ಸೇವೆ ಮತ್ತು ಸೌಲಭ್ಯಗಳ ಶುಲ್ಕ ಮಾತ್ರ. ಅದರ ಗರಿಷ್ಠ ಮಿತಿ 2012ರಲ್ಲಿ 263 ಡಾಲರ್, 2025ರಲ್ಲಿ 365. ಸಂಘದ ಸದಸ್ಯತ್ವ ಇಂದಿಗೂ ಐಚ್ಛಿಕವೇ, ಶುಲ್ಕದ ಹಣ ರಾಜಕೀಯ ಪಕ್ಷಕ್ಕೆ ಹೋಗುವಂತಿಲ್ಲ. ಹಾಗಾಗಿ 2011ರ ಮತವನ್ನು 'ಕಡ್ಡಾಯ ಸದಸ್ಯತ್ವದ ಪರ' ಎಂದು ಬರೆಯುವುದು ತಪ್ಪು. ಪ್ರಚಾರದ ಕರಪತ್ರಗಳಿಗೆ ಈ ವ್ಯತ್ಯಾಸ ಬೇಕಿರುವುದಿಲ್ಲ.

2005ರ ಡಿಸೆಂಬರ್‌ನ ಸೆನೆಟ್ (ಮೇಲ್ಮನೆ) ಮತ ಬಿಡಿಸಿ ನೋಡುವಂಥದ್ದು. 76 ಸ್ಥಾನಗಳಲ್ಲಿ ಪ್ರಧಾನಿ ಹೊವಾರ್ಡ್ ಸರ್ಕಾರದ ಲಿಬರಲ್–ನ್ಯಾಷನಲ್ಸ್ ಮೈತ್ರಿಕೂಟಕ್ಕೆ 39. ಕ್ವೀನ್ಸ್‌ಲ್ಯಾಂಡ್‌ನ ನ್ಯಾಷನಲ್ಸ್ ಸೆನೆಟರ್ ಬಾರ್ನಬಿ ಜಾಯ್ಸ್ ಸರ್ಕಾರದ ವಿರುದ್ಧ ಮತ ಹಾಕಿದರು, ಅದರಿಂದ ಲೆಕ್ಕ 38–38 ಆಗುತ್ತಿತ್ತು. ಸೆನೆಟ್ ಅಧ್ಯಕ್ಷರಿಗೆ ನಿರ್ಣಾಯಕ ಮತವಿಲ್ಲ, ಸಮಬಲವಾದರೆ ಪ್ರಸ್ತಾಪ ಬಿದ್ದಂತೆಯೇ. ಫ್ಯಾಮಿಲಿ ಫಸ್ಟ್ ಪಕ್ಷದ ಸ್ಟೀವ್ ಫೀಲ್ಡಿಂಗ್ ಸರ್ಕಾರದ ಕಡೆ ಬಂದಿದ್ದರಿಂದ ಮಸೂದೆ ಪಾಸಾಯಿತು. ಜಾಯ್ಸ್ ಅವರ ಚಿಂತೆ ವಿದ್ಯಾರ್ಥಿ ರಾಜಕಾರಣದ್ದಲ್ಲ, ಗ್ರಾಮಾಂತರ ಕ್ಯಾಂಪಸ್‌ಗಳ ಆಟದ ಮೈದಾನ, ಸೌಲಭ್ಯಗಳದ್ದು. ಮತದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಸಂಸತ್ ಕಲಾಪದ ಅಧಿಕೃತ ದಾಖಲೆಯಾದ ಹನ್ಸಾರ್ಡ್‌ನಲ್ಲಿನ ಭಾಷಣದಲ್ಲಿ ಕಾಣುತ್ತದೆ. ನಮ್ಮಲ್ಲಿ ವಿಪ್ ಮೀರಿ ಮತ ಹಾಕಿದವರ ಮೇಲೆ ಪಕ್ಷಾಂತರ ನಿಷೇಧ ಕಾಯ್ದೆಯ ಕತ್ತಿ ತೂಗುತ್ತದೆ. ಅಲ್ಲಿ ಅಂಥ ಕಾನೂನಿಲ್ಲ. ಆದರೂ ಲೇಬರ್ ಪಕ್ಷದವರು ಪಕ್ಷದ ತೀರ್ಮಾನಕ್ಕೆ ಪ್ರತಿಜ್ಞಾಬದ್ಧರು. ಆದ್ದರಿಂದ ಲೇಬರ್ ಸದಸ್ಯರ ಮತದಿಂದ ತಿಳಿಯುವುದು ಪಕ್ಷದ ನಿಲುವು, ವ್ಯಕ್ತಿಯದು ಅಷ್ಟಾಗಿ ಅಲ್ಲ.

ದಾಖಲೆ ತೆರೆದಾಗ ಮೊದಲು ಅದು ಯಾವ ಹಂತದ ಮತ ಎಂದು ನೋಡಿ. ಮಸೂದೆ ಆ ಸದನದಲ್ಲಿ ಪಾಸಾಗುವ ಕೊನೆಯ ಹಂತವಾದ ಮೂರನೇ ವಾಚನದ ಮತಕ್ಕೆ ಹೆಚ್ಚು ತೂಕ ಕೊಡಿ. ಎರಡನೇ ವಾಚನಕ್ಕೆ ತರುವ ತಿದ್ದುಪಡಿಗಳು ಎಷ್ಟೋ ಸಲ ಸರ್ಕಾರವನ್ನು ಟೀಕಿಸುವ ಸಾಲುಗಳಷ್ಟೇ, ಮಸೂದೆಯ ಒಂದು ಅಕ್ಷರವೂ ಬದಲಾಗದು. 'ಚರ್ಚೆ ಮುಗಿಸಿ' ಎಂಬ ಗೊತ್ತುವಳಿಗೆ ಬಿದ್ದ ಮತವನ್ನು ಶುಲ್ಕದ ಲೆಕ್ಕಕ್ಕೆ ಸೇರಿಸಲೇಬೇಡಿ.

ಹೆಸರು ಕಾಣದಿದ್ದರೆ ಅದಕ್ಕೆ ಕಾರಣ ಹಲವು. ಧ್ವನಿಮತದಲ್ಲೇ ಮುಗಿದಿದ್ದರೆ ಯಾರ ಹೆಸರೂ ಇರುವುದಿಲ್ಲ. ಹೆಸರು ದಾಖಲಾಗುವ ಮತವಿಭಜನೆಗೆ ಕನಿಷ್ಠ ಇಬ್ಬರು ಒತ್ತಾಯಿಸಬೇಕು. ಮತವಿಭಜನೆ ನಡೆದಿದ್ದರೂ, ಎದುರು ಪಕ್ಷದ ಒಬ್ಬರೊಂದಿಗೆ ಜೋಡಿ ಮಾಡಿಕೊಂಡು ಇಬ್ಬರೂ ಹೊರಗುಳಿದಿರಬಹುದು. ಸೆನೆಟ್ ಹನ್ಸಾರ್ಡ್‌ನಲ್ಲಿ ಮತಪಟ್ಟಿಯ ಕೆಳಗೇ ಈ ಜೋಡಿಗಳ ಹೆಸರಿರುತ್ತದೆ, ಅದನ್ನು ಓದದೆ 'ತಪ್ಪಿಸಿಕೊಂಡರು' ಎನ್ನಬೇಡಿ.

2011ರ ನಂತರ ಆಯ್ಕೆಯಾದವರು ಈ ಎರಡೂ ಮಸೂದೆಗಳಿಗೆ ಮತ ಹಾಕಿಲ್ಲ. ಅವರ ವಿಷಯದಲ್ಲಿ 2024ರ ಕಾಯ್ದೆ ನೋಡಬಹುದು: ಶುಲ್ಕದ ಕನಿಷ್ಠ 40 ಶೇಕಡಾವನ್ನು ವಿದ್ಯಾರ್ಥಿಗಳೇ ನಡೆಸುವ ಸಂಘಟನೆಗಳಿಗೆ ಕೊಡಬೇಕೆಂಬ ನಿಯಮ ಅದರಲ್ಲಿತ್ತು. ಆದರೆ ಅದೇ ಮಸೂದೆಯಲ್ಲಿ ಬೇರೆ ವಿಷಯಗಳೂ ಇದ್ದವು, ಹಾಗಾಗಿ ಆ ಮತವನ್ನು ಬರೀ ಶುಲ್ಕದ ಮೇಲಿನ ಮತ ಎಂದು ಓದಬೇಡಿ.