ಆಪರೇಷನ್ ಸಕ್ಸಸ್ ಅಂದ್ರು, ಕಾಲು ಯಾಕೆ ಇನ್ನೂ ಬಂದಿಲ್ಲ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು. ಅಣ್ಣನಿಗೆ 34 ವರ್ಷ. ಹುಣಸೆ ಬಡಿಯೋಕೆ ಮರ ಹತ್ತಿ ಬಿದ್ದ. ಬೆಂಗಳೂರಿನಲ್ಲಿ ಬೆನ್ನುಮೂಳೆಗೆ ರಾಡು, ಸ್ಕ್ರೂ ಹಾಕಿ ಆಪರೇಷನ್ ಮಾಡಿದ್ರು, ಸಕ್ಸಸ್ ಅಂದ್ರು. ಮೂರು ತಿಂಗಳಾಯ್ತು, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಒಂದೊಂದು ಸಲ ಕಾಲು ತಾನಾಗೇ ಅದುರುತ್ತೆ. ಯೂರಿನ್ ಪೈಪ್ ಇದೆ. ಪುತ್ತೂರು ಕಟ್ಟು ಹಾಕಿಸಿ ಅಂತ ಕೆಲವರು, ಸ್ಟೆಮ್ ಸೆಲ್ ಮಾಡಿಸಿ ಅಂತ ಕೆಲವರು ಹೇಳ್ತಾರೆ. ಮತ್ತೆ ನಡೀತಾನಾ? ಎಲ್ಲಿ ತೋರಿಸಬೇಕು?

ಉತ್ತರ: ಡಾಕ್ಟರು ಸುಳ್ಳು ಹೇಳಿಲ್ಲ. ಆಪರೇಷನ್ ಚೆನ್ನಾಗೇ ಆಗಿರಬಹುದು. ಆದರೆ ಅದು ಆಗಿದ್ದು ಮೂಳೆಗೆ. ಮೆದುಳಿನ ಮಾತನ್ನು ಕಾಲಿಗೆ ತಲುಪಿಸುವುದು ಮೂಳೆಯ ಒಳಗೆ ಇಳಿದುಹೋಗುವ ಬೆನ್ನುಹುರಿ. ಬೋರ್‌ವೆಲ್ಲಿನ ಕೇಸಿಂಗ್ ಪೈಪು ಜರುಗಿ ಒಳಗಿನ ಮೋಟಾರ್ ಕೇಬಲ್ ಜಜ್ಜಿಹೋಯಿತು ಅಂದುಕೊಳ್ಳಿ. ಕೇಸಿಂಗ್ ನೆಟ್ಟಗೆ ಮಾಡಿದರೆ ಕೇಬಲ್ ಇನ್ನಷ್ಟು ಜಜ್ಜುವುದು ತಪ್ಪುತ್ತದೆ. ಆಗಲೇ ಜಜ್ಜಿದ್ದು ಅದರಿಂದ ಸರಿಹೋಗುವುದಿಲ್ಲ. ರಾಡು ಹಾಕಿದ್ದರಿಂದ ಬೆನ್ನು ಗಟ್ಟಿಯಾಗಿ ನಿಲ್ಲುತ್ತದೆ, ತಿಂಗಳುಗಟ್ಟಲೆ ಮಲಗಿಸದೆ ಬೇಗ ಕೂರಿಸಬಹುದು. ಅದೇನೂ ಸಣ್ಣ ಲಾಭವಲ್ಲ.

ನಡೀತಾನಾ ಅನ್ನುವುದನ್ನು ಎಂಆರ್‌ಐ ಫಿಲ್ಮ್ ನೋಡಿ ಯಾರೂ ಖಚಿತವಾಗಿ ಹೇಳಲಾರರು. ಮೈ ಮುಟ್ಟಿ, ಸೂಜಿ ಚುಚ್ಚಿ, ಒಂದೊಂದೇ ಸ್ನಾಯುವಿನ ಬಲ ನೋಡಿ ಮಾಡುವ ಒಂದು ಪರೀಕ್ಷೆ ಇದೆ. ಅದರಲ್ಲಿ ಎ ಇಂದ ಇ ವರೆಗೆ ಗ್ರೇಡ್ ಕೊಡುತ್ತಾರೆ, ಏಷಿಯಾ ಗ್ರೇಡ್ ಅನ್ನುತ್ತಾರೆ (ಖಂಡದ ಹೆಸರಲ್ಲ, ಅಮೆರಿಕದ ಬೆನ್ನುಹುರಿ ಪೆಟ್ಟಿನ ತಜ್ಞರ ಸಂಘದ ಇಂಗ್ಲಿಷ್ ಹೆಸರಿನ ಚಿಕ್ಕರೂಪ). ಗುದದ್ವಾರದ ಸುತ್ತ ಸ್ಪರ್ಶ ಗೊತ್ತಾಗುತ್ತದಾ, ಬಿಗಿ ಹಿಡಿಯಲು ಆಗುತ್ತದಾ ಅನ್ನುವುದು ಇದರಲ್ಲಿ ತುಂಬಾ ಮುಖ್ಯ. ಮುಜುಗರದ ಪರೀಕ್ಷೆ, ಆದರೆ ಅಲ್ಲಿ ಒಂಚೂರು ಸ್ಪರ್ಶ ಉಳಿದಿದ್ದರೂ ಹುರಿ ಪೂರ್ತಿ ಹೋಗಿಲ್ಲ ಎಂದು ಅರ್ಥ. ಎ ಅಂದರೆ ಅಲ್ಲಿ ಸ್ಪರ್ಶವೂ ಇಲ್ಲ, ಹಿಡಿತವೂ ಇಲ್ಲ. ಅಂಥವರಲ್ಲಿ ಬಹುಪಾಲು ಜನ ಆಸರೆಯಿಲ್ಲದೆ ನಡೆಯುವ ಹಂತಕ್ಕೆ ಬರುವುದಿಲ್ಲ. ಸಿ, ಡಿ ಅಂದರೆ ಪೆಟ್ಟಿನ ಕೆಳಗೂ ಅಲ್ಲಾಡಿಸುವ ಶಕ್ತಿ ಸ್ವಲ್ಪ ಉಳಿದವರು, ಡಿಯಲ್ಲಿ ಅದು ಹೆಚ್ಚು. ಅವರ ದಾರಿ ಬೇರೆ. ಡಿ ಇದ್ದವರಲ್ಲಿ ಹೆಚ್ಚಿನವರು ನಡೆಯುತ್ತಾರೆ. ಸುಧಾರಣೆ ಬರುವುದಿದ್ದರೆ ಅದರ ದೊಡ್ಡ ಪಾಲು ಮೊದಲ ಆರರಿಂದ ಒಂಬತ್ತು ತಿಂಗಳಲ್ಲಿ ಬರುತ್ತದೆ. ಆಮೇಲೂ ಒಂದೂವರೆ, ಎರಡು ವರ್ಷದವರೆಗೆ ನಿಧಾನವಾಗಿ ಸ್ವಲ್ಪ ಬರಬಹುದು. ನಿಮ್ಮ ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಈ ಗ್ರೇಡ್ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಮುಂದಿನ ಸಲ ಕೇಳಿ ಬರೆಸಿಕೊಳ್ಳಿ.

ಕಾಲು ತಾನಾಗೇ ಅದುರುವುದನ್ನು ನೋಡಿ ಮನೆಯವರೆಲ್ಲ ಖುಷಿಪಡುತ್ತಾರೆ, ಶಕ್ತಿ ಬರ್ತಿದೆ ಅಂತ. ಹೇಳಲು ಬೇಜಾರು, ಆದರೆ ಅದು ಶಕ್ತಿಯಲ್ಲ. ಗಾಯದ ಕೆಳಗಿನ ಹುರಿಗೆ ಮೆದುಳಿನ ಹತೋಟಿ ತಪ್ಪಿದೆ, ಅದು ತನ್ನಷ್ಟಕ್ಕೆ ಆಡುತ್ತಿದೆ. ಇದನ್ನು ಸ್ಪಾಸ್ಟಿಸಿಟಿ ಅನ್ನುತ್ತಾರೆ. ಅಣ್ಣ ಮನಸ್ಸು ಮಾಡಿ ಹೆಬ್ಬೆರಳು ಅಲ್ಲಾಡಿಸಿದರೆ ಅದು ನಿಜವಾದ ಸುದ್ದಿ. ಅದುರಾಟ ಜಾಸ್ತಿಯಾದರೆ ಬ್ಯಾಕ್ಲೋಫೆನ್ ಮಾತ್ರೆ ಕೊಡುತ್ತಾರೆ. ಶುರು ಮಾಡಿದ ಮೇಲೆ ಆ ಮಾತ್ರೆಯನ್ನು ದಿಢೀರನೆ ನಿಲ್ಲಿಸಬಾರದು. ಇನ್ನೊಂದು ವಿಷಯ: ಇದ್ದಕ್ಕಿದ್ದಂತೆ ಅದುರಾಟ ಹೆಚ್ಚಿದರೆ ಮೂತ್ರದ ಸೋಂಕು, ಮಲ ಕಟ್ಟಿರುವುದು ಅಥವಾ ಎಲ್ಲೋ ಹುಣ್ಣು ಇರಬಹುದು. ನೋವು ಗೊತ್ತಾಗದ ಮೈ ಹೀಗೆ ಸುಳಿವು ಕೊಡುತ್ತದೆ.

ಈಗ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದಿದ್ದು ಕಾಲಿನ ವಿಷಯವಲ್ಲ. ಯೂರಿನ್ ಪೈಪ್ ಇದೆ ಅಂತ ಸುಮ್ನೆ ಬರೆದು ಮುಂದೆ ಹೋಗಿದ್ದೀರಲ್ಲ, ಅದು. ಕಾಲು ಬರದೆ ಇದ್ದರೆ ಜೀವ ಹೋಗುವುದಿಲ್ಲ. ಮೂತ್ರದ ಸೋಂಕು ಕಿಡ್ನಿಗೆ ಏರಿದರೆ, ಹಾಸಿಗೆ ಹುಣ್ಣು ಮೂಳೆಗೆ ಇಳಿದರೆ ಹೋಗುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರಲ್ಲಿ ಬಹುಪಾಲು ಜನ ಸತ್ತಿದ್ದು ಈ ಎರಡರಿಂದಲೇ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರು ಇಂಥವರಿಗೇ ಒಂದು ವಾರ್ಡ್ ತೆರೆದರು. ಹುರಿ ಕೂಡಿಸುವ ಔಷಧಿ ಅವರ ಹತ್ತಿರವೂ ಇರಲಿಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಮೂತ್ರದ ಪೈಪಿನ ಶುಚಿ, ಕೈಗೆ ಕೆಲಸ, ಮೈಗೆ ಆಟ. ಹೆಚ್ಚಾಗಿ ಇವುಗಳಿಂದಲೇ ಜನ ಬದುಕಿ ಮನೆಗೆ ಹೋದರು. ಅವರು 1948ರಲ್ಲಿ ಅಲ್ಲಿ ಶುರು ಮಾಡಿದ ವೀಲ್‌ಚೇರ್ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು.

ಹಾಗಾಗಿ ಮೊದಲು ಮೂತ್ರದ ವಿಷಯ. ಶುರುವಿನಲ್ಲಿ ಒಳಗೇ ಇರುವ ಪೈಪು, ಅಂದರೆ ಫೋಲಿ ಕ್ಯಾತಿಟರ್, ಬೇಕಾಗುತ್ತದೆ. ಆದರೆ ಅದನ್ನೇ ವರ್ಷಗಟ್ಟಲೆ ಬಿಟ್ಟರೆ ಸೋಂಕು ಮತ್ತೆ ಮತ್ತೆ ಬರುತ್ತದೆ, ಮೂತ್ರಕೋಶದಲ್ಲಿ ಕಲ್ಲು ಕಟ್ಟುತ್ತದೆ, ಮೂತ್ರನಾಳ ಸವೆಯುತ್ತದೆ. ಕೈ ಚೆನ್ನಾಗಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳ್ಳನೆಯ ಪೈಪನ್ನು ತಾವೇ ಹಾಕಿ, ಮೂತ್ರ ಪೂರ್ತಿ ಖಾಲಿ ಮಾಡಿ, ಪೈಪನ್ನು ಹೊರಗೆ ತೆಗೆಯುವುದು. ಅಯ್ಯೋ, ಮನೆಯಲ್ಲಿ ಪೈಪು ಹಾಕಿಕೊಂಡರೆ ನಂಜಾಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅಮೆರಿಕದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡೀಸ್ 1972ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರ ವಾದ ಹೀಗಿತ್ತು: ಮೂತ್ರಕೋಶ ತುಂಬಿ ಬಿಗಿದಾಗ ಅದರ ಗೋಡೆಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಆಗಲೇ ಸೋಂಕು ಹಿಡಿಯುವುದು. ಆಪರೇಷನ್ ಥಿಯೇಟರಿನಷ್ಟು ಶುಚಿ ಬೇಕಿಲ್ಲ. ಸೋಪು ಹಾಕಿ ತೊಳೆದ ಕೈ, ಶುಚಿಯಾದ ಪೈಪು, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಜೆಲ್ಲಿ ಸಾಕು. ಜೆಲ್ಲಿ ಬದಲು ಕೊಬ್ಬರಿ ಎಣ್ಣೆ ಬೇಡ.

ಇದರಲ್ಲಿ ಮುಖ್ಯವಾದದ್ದು ಗಡಿಯಾರ ಮತ್ತು ಅಳತೆ ಜಗ್ಗು. ಒಂದು ಸಲಕ್ಕೆ 500 ಎಂಎಲ್ ದಾಟಬಾರದು. ದಾಟುತ್ತಿದ್ದರೆ ಇನ್ನೂ ಬೇಗ ಖಾಲಿ ಮಾಡಬೇಕು. ದಿನಕ್ಕೆ ಸುಮಾರು ಎರಡು ಲೀಟರ್ ನೀರು, ಒಟ್ಟಿಗೆ ಗಟಗಟ ಕುಡಿಯದೆ ಹಂಚಿಕೊಂಡು ಕುಡಿಯಲಿ, ಸಂಜೆ ಮೇಲೆ ಕಡಿಮೆ. ಎಷ್ಟು ಕುಡಿದ, ಎಷ್ಟು ಬಂತು ಅಂತ ಕೆಲವು ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಆದರೆ ಇದನ್ನು ಓದಿ ನಾಳೆಯೇ ಫೋಲಿ ಕಿತ್ತುಹಾಕಬೇಡಿ. ಕೆಲವರ ಮೂತ್ರಕೋಶದೊಳಗೆ ಒತ್ತಡ ಜಾಸ್ತಿ ಇರುತ್ತದೆ, ಅದು ಸದ್ದಿಲ್ಲದೆ ಕಿಡ್ನಿ ಕೆಡಿಸುತ್ತದೆ. ಡಾಕ್ಟರು ಪರೀಕ್ಷೆ ಮಾಡಿ, ಬೇಕಾದರೆ ಮಾತ್ರೆ ಕೊಟ್ಟು, ಎದುರಿಗೆ ಕೂತು ಕಲಿಸಬೇಕು. ಆಮೇಲೆ ವರ್ಷಕ್ಕೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ. ಮೂತ್ರ ಸ್ವಲ್ಪ ಮಬ್ಬಾದ ಮಾತ್ರಕ್ಕೆ ಆಂಟಿಬಯೋಟಿಕ್ ನುಂಗಿಸಬೇಡಿ, ನಾಳೆ ನಿಜವಾಗಿ ಬೇಕಾದಾಗ ಆ ಔಷಧಿ ನಾಟುವುದಿಲ್ಲ. ಚಳಿಜ್ವರ, ರಕ್ತ, ಪೈಪಿನ ಪಕ್ಕದಲ್ಲಿ ಸೋರುವುದು ಕಂಡರೆ ಮಾತ್ರ ತಡಮಾಡದೆ ಹೋಗಿ. ಫೋಲಿ ಇರುವವರೆಗೂ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ. ಆಟೋದಲ್ಲಿ ಕರೆದೊಯ್ಯುವಾಗ ಚೀಲವನ್ನು ಎತ್ತಿ ಮಡಿಲಲ್ಲಿಡುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಆಗ ಮೂತ್ರ ವಾಪಸ್ ಒಳಕ್ಕೆ ಹರಿಯುತ್ತದೆ.

ಎರಡನೆಯದು ಚರ್ಮ. ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ, ಕೂತಲ್ಲೇ ಮಿಸುಕುತ್ತೇವೆ. ಅಣ್ಣನಿಗೆ ಆ ಸೂಚನೆಯೇ ಬರುವುದಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹೋಗದೆ ಅದು ಸಾಯುತ್ತದೆ. ಬೆನ್ನಿನ ಕೆಳತುದಿ, ಕೂರುವ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಇವೇ ಜಾಗ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ, ಒಂದೆರಡು ನಿಮಿಷ ಕುಂಡೆಯ ಮೇಲಿನ ಭಾರ ತೆಗೆಯಬೇಕು. ಗಾಳಿ ಹಾಸಿಗೆ ತಂದಿದ್ದೀವಲ್ಲ ಅಂತ ಮಗ್ಗುಲು ಬದಲಿಸುವುದನ್ನು ಬಿಡುವವರೇ ಜಾಸ್ತಿ. ಗಾಳಿ ಹಾಸಿಗೆ ಸಹಾಯ ಮಾಡುತ್ತದೆ, ನಿಮ್ಮ ಕೆಲಸ ಮಾಡುವುದಿಲ್ಲ. ನಡುವೆ ತೂತಿರುವ ರಿಂಗ್ ದಿಂಬು, ಟ್ಯೂಬು ಬೇಡವೇ ಬೇಡ, ಅದು ಅಂಚಿನ ಸುತ್ತ ರಕ್ತ ತಡೆಯುತ್ತದೆ.

ದಿನಕ್ಕೆರಡು ಸಲ ಚರ್ಮ ನೋಡಿ. ಅಣ್ಣನಿಗೆ ಕಾಣದ ಜಾಗವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅವನಿಗೇ ತೋರಿಸಿ, ಅವನ ಮೈ ಅವನೇ ಕಾಯಲು ಕಲಿಯಲಿ. ಪುಸ್ತಕದಲ್ಲಿ ಕೆಂಪಾಗುತ್ತದೆ ಅಂತ ಬರೆದಿರುತ್ತಾರೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿಗಿಂತ ಇನ್ನೂ ಕಪ್ಪಾಗಿ, ಮುಟ್ಟಿದರೆ ಬೆಚ್ಚಗೆ, ಗಟ್ಟಿಯಾಗಿ ಇದ್ದರೆ ಅದೇ ಹುಣ್ಣಿನ ಶುರು. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ. ಉಜ್ಜಬೇಡಿ, ಅರಿಶಿನ, ಸ್ಪಿರಿಟ್, ಪೌಡರ್ ಹಚ್ಚಬೇಡಿ. ಚರ್ಮ ಒಡೆದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಊಟದಲ್ಲಿ ಮೊಟ್ಟೆ, ಹುರುಳಿ, ಅವರೆ, ಬೇಳೆ ಚೆನ್ನಾಗಿರಲಿ. ಬರೀ ಗಂಜಿ ಕುಡಿಸಿದರೆ ಹುಣ್ಣು ಒಣಗುವುದಿಲ್ಲ.

ಮಲವಿಸರ್ಜನೆಗೆ ದಿನಚರಿ ಬೇಕು. ಬೆಳಿಗ್ಗೆ ತಿಂಡಿ, ಕಾಫಿ ಆದ ಅರ್ಧ ಗಂಟೆಯೊಳಗೆ ಕರುಳು ತಾನೇ ಚುರುಕಾಗುತ್ತದೆ. ದಿನವೂ ಅದೇ ಹೊತ್ತಿಗೆ, ಗುದಕ್ಕೆ ಇಡುವ ಮಾತ್ರೆಯಿಂದ ಅಥವಾ ಗ್ಲೌಸ್ ಹಾಕಿದ ಬೆರಳಿನಿಂದ ಚೋದನೆ ಕೊಟ್ಟರೆ ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತದೆ. ಪೆಟ್ಟು ಎಲ್ಲಿ ಬಿದ್ದಿದೆ ಎನ್ನುವುದರ ಮೇಲೆ ವಿಧಾನ ಬದಲಾಗುತ್ತದೆ, ನರ್ಸ್ ಕೈಯಲ್ಲಿ ಒಮ್ಮೆ ಕಲಿಯಿರಿ. ಇದು ಸರಿಹೋಗುವವರೆಗೆ ಯಾರೂ ಧೈರ್ಯವಾಗಿ ಮದುವೆ ಮನೆಗೆ, ಸಂತೆಗೆ ಹೊರಡುವುದಿಲ್ಲ.

ಮೊದಲ ಮೂರು ತಿಂಗಳು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಆಮೇಲೂ ಪೂರ್ತಿ ಹೋಗುವುದಿಲ್ಲ. ಒಂದು ಕಾಲು ಮಾತ್ರ ಊದಿ ಬಿಸಿಯಾಗಿದ್ದರೆ ಎಣ್ಣೆ ಹಾಕಿ ತಿಕ್ಕಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಕೀಲು ಬಿಗಿಯದಂತೆ ದಿನವೂ ಕಾಲು ಮಡಿಸಿ ಬಿಡಿಸಬೇಕು, ಆದರೆ ಜಗ್ಗಬಾರದು. ಮೂಳೆ ಸವೆದಿರುತ್ತದೆ, ಸುಲಭವಾಗಿ ಮುರಿಯುತ್ತದೆ. ಸ್ವಾಧೀನವಿಲ್ಲದ ಕಾಲಿನಲ್ಲಿ ಉರಿ, ಶಾಕ್ ಹೊಡೆದ ಹಾಗೆ ನೋವು ಅಂದರೆ ನಾಟಕ ಅನ್ನಬೇಡಿ. ಅದು ನರದ ನೋವು, ಅದಕ್ಕೆ ಬೇರೆಯೇ ಮಾತ್ರೆ ಇದೆ.

ಅಣ್ಣನಿಗೆ ಸ್ವಾಧೀನ ಹೋಗಿರುವುದು ಸೊಂಟದಿಂದ ಕೆಳಗೆ, ಹಾಗಾಗಿ ಮುಂದಿನದು ಸಾಮಾನ್ಯವಾಗಿ ಅವನಿಗೆ ಅನ್ವಯಿಸುವುದಿಲ್ಲ. ಕುತ್ತಿಗೆಗೆ ಅಥವಾ ಎದೆಯ ಮೇಲ್ಭಾಗದ ಬೆನ್ನಿಗೆ ಪೆಟ್ಟಾದವರ ಮನೆಯವರು ಓದಿಕೊಳ್ಳಿ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರು, ಬಿಪಿ ಏರುವುದು ಆದರೆ ಅದು ತುರ್ತು. ತಕ್ಷಣ ಎಬ್ಬಿಸಿ ಕೂರಿಸಿ, ಮಲಗಿಸಬೇಡಿ. ಬಿಗಿ ಬಟ್ಟೆ, ಬೆಲ್ಟ್ ಸಡಿಲಿಸಿ. ಮೂತ್ರದ ಪೈಪು ಮಡಚಿದೆಯಾ, ಕಟ್ಟಿದೆಯಾ ನೋಡಿ. ಹೆಚ್ಚಿನ ಸಲ ತುಂಬಿದ ಮೂತ್ರಕೋಶವೇ ಕಾರಣ. ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನು ಪುತ್ತೂರು ಕಟ್ಟು. ಕೈಕಾಲು ಮೂಳೆಗೆ ಅದನ್ನು ನಂಬುವವರ ಜೊತೆ ನಾನು ಇಲ್ಲಿ ಜಗಳಕ್ಕೆ ಹೋಗುವುದಿಲ್ಲ. ಬೆನ್ನುಹುರಿಗೆ ಯಾವ ಕಟ್ಟೂ ಕೆಲಸ ಮಾಡುವುದಿಲ್ಲ. ಅದರ ಜೊತೆಗೆ ಬರುವ ಬಿಸಿ ಎಣ್ಣೆ, ಉಪ್ಪಿನ ಶಾಖ ಇನ್ನೂ ಅಪಾಯ. ಬಿಸಿ ಗೊತ್ತಾಗದ ಕಾಲು ಬೆಂದು ಬೊಬ್ಬೆ ಬಂದ ಮೇಲೇ ಮನೆಯವರಿಗೆ ತಿಳಿಯುವುದು. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಕೋಶಗಳಾಗಬಲ್ಲ ಜೀವಕೋಶಗಳನ್ನು ಮೈಗೆ ಚುಚ್ಚುವ ಚಿಕಿತ್ಸೆ. ಅದರ ವಿಷಯದಲ್ಲಿ ಭಾರತದ 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿದೆ: ಬೆನ್ನುಹುರಿ ಪೆಟ್ಟಿಗೆ ಅದು ಒಪ್ಪಿತ ಚಿಕಿತ್ಸೆ ಅಲ್ಲ, ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ಕೊಡಬಹುದು. ಸಂಶೋಧನೆ ಅಂದ ಮೇಲೆ ರೋಗಿಯ ಕೈಯಿಂದ ಲಕ್ಷಗಟ್ಟಲೆ ಕೇಳಬಾರದು. ಕೇಳಿದರೆ ಎದ್ದು ಬನ್ನಿ. ಜಮೀನು ಮಾರುವ ಮಾತು ಇಲ್ಲಿಂದಲೇ ಶುರುವಾಗುವುದು.

ಆ ದುಡ್ಡಿನಲ್ಲಿ ಸ್ವಲ್ಪ ಭಾಗ ಮನೆಗೆ ಹಾಕಿ. ಕಾಲಿಗೆ ಕ್ಯಾಲಿಪರ್, ಅಂದರೆ ಆಸರೆ ಕೊಡುವ ಪಟ್ಟಿ ಕಟ್ಟಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವುದು ಅಣ್ಣನಿಗೆ ಸಾಧ್ಯವಾಗಬಹುದು, ಮೈಗೂ ಒಳ್ಳೆಯದು. ಆದರೆ ಅದಕ್ಕೆ ತುಂಬಾ ಶಕ್ತಿ ಬೇಕು, ದಿನದ ಓಡಾಟಕ್ಕೆ ವೀಲ್‌ಚೇರ್ ಸಲೀಸು. ವೀಲ್‌ಚೇರ್ ಅಂದರೆ ಸೋತಂತೆ ಅಂದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರಲ್ಲಿ ಅಪಘಾತದಲ್ಲಿ ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡರು. ವೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು, ಅಲ್ಲಿ ಪುನರ್ವಸತಿ ವಿಭಾಗ, ಅಂದರೆ ಪೆಟ್ಟಾದವರಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವ ವಿಭಾಗ ಕಟ್ಟಿದರು. ಮನೆ ಮುಂದಿನ ಜಗಲಿ ಒಂದು ಅಡಿ ಎತ್ತರ ಇದ್ದರೆ ಇಳಿಜಾರು 12 ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ತಾನೇ ತಳ್ಳಿಕೊಂಡು ಹತ್ತುವುದು ಕಷ್ಟ. ಬಚ್ಚಲಿನ ಬಾಗಿಲು ಅಗಲಿಸಿ, ಹೊಸಿಲು ತೆಗೆಸಿ, ಕೂರುವ ಕಮೋಡ್ ಹಾಕಿಸಿ, ಅದರ ಮೇಲೆ ಮೆತ್ತೆ ಇರಲಿ.

ಅಣ್ಣನಿಗೆ ಮದುವೆಯಾಗಿದ್ದರೆ ಅವನೂ ಅತ್ತಿಗೆಯೂ ಯಾರ ಹತ್ತಿರವೂ ಕೇಳಲಾಗದ ಪ್ರಶ್ನೆಯೊಂದು ಇರುತ್ತದೆ. ದಾಂಪತ್ಯ ಮುಗಿದಿಲ್ಲ, ಗಂಡಸರಿಗೆ ಮಾತ್ರೆ ಮತ್ತು ಬೇರೆ ನೆರವು ಇದೆ. ಮಕ್ಕಳಾಗಲು ವೈದ್ಯರ ಸಹಾಯ ಬೇಕಾಗಬಹುದು. ಪೆಟ್ಟಾದ ಹೆಂಗಸರಿಗೆ ಸಾಮಾನ್ಯವಾಗಿ ಗರ್ಭ ನಿಲ್ಲಲು ಅಡ್ಡಿಯಿಲ್ಲ. ಪುನರ್ವಸತಿ ವೈದ್ಯರ ಮುಂದೆ ಇದನ್ನು ಅವರಿಬ್ಬರೇ ಕೂತು ಕೇಳಲಿ, ನೀವು ಹೊರಗಿರಿ.

ಎಲ್ಲಿ ತೋರಿಸಬೇಕು ಅಂದರೆ, ಮತ್ತೆ ಆಪರೇಷನ್ ಮಾಡುವವರನ್ನು ಹುಡುಕಬೇಡಿ. ಪುನರ್ವಸತಿ ವಿಭಾಗ ಬೇಕು. ತುಮಕೂರಿನಿಂದ ಹತ್ತಿರ ಅಂದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ನರರೋಗ ಪುನರ್ವಸತಿ ವಿಭಾಗವೇ ಇದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲೂ ಇದೆ. ಆಯುಷ್ಮಾನ್ ಕಾರ್ಡ್ ಇದ್ದರೆ ಮೊದಲು ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲಿ ರೆಫರಲ್ ಬಗ್ಗೆ ವಿಚಾರಿಸಿ. ಸೇರಿಸಿಕೊಂಡ ಮೇಲೆ ಪೈಪು ಹಾಕುವುದು, ಮಂಚದಿಂದ ವೀಲ್‌ಚೇರಿಗೆ ಜಾರುವುದು, ಚರ್ಮ ನೋಡಿಕೊಳ್ಳುವುದು, ಇಷ್ಟನ್ನೂ ಅಣ್ಣನೇ ಮಾಡಿ ತೋರಿಸಿದ ಮೇಲೆ ಡಿಸ್‌ಚಾರ್ಜ್ ಮಾಡಿ ಅಂತ ಕೇಳಿ.

ಈ ಮಧ್ಯೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೋಡಿ. ವಿಆರ್‌ಡಬ್ಲ್ಯೂ ಅಂದರೆ ಪಂಚಾಯಿತಿ ಆಫೀಸಿನಲ್ಲಿ ತಿಳಿಯುತ್ತದೆ. ಅಂಗವಿಕಲರ ಯುಡಿಐಡಿ ಕಾರ್ಡಿನ ಅರ್ಜಿ, ಮಾಸಾಶನ, ಸರ್ಕಾರದ ವೀಲ್‌ಚೇರ್, ಇವಕ್ಕೆಲ್ಲ ಅವರೇ ದಾರಿ ತೋರಿಸುತ್ತಾರೆ. ಹೋಗುವಾಗ ಡಿಸ್‌ಚಾರ್ಜ್ ಸಮ್ಮರಿ, ಆಧಾರ್, ಅಣ್ಣನ ಫೋಟೋ ಜೊತೆಗಿರಲಿ. ಸರ್ಕಾರದ ಕುರ್ಚಿ ಸಿಕ್ಕಿದರೆ ಅದರ ಮೇಲೆ ನಾಲ್ಕು ಇಂಚಿನ ಒಳ್ಳೆಯ ಫೋಮ್ ಮೆತ್ತೆ ಬೇರೆಯಾಗಿ ತಂದು ಹಾಕಿ, ಬರೀ ರೆಕ್ಸಿನ್ ಸೀಟಿನ ಮೇಲೆ ಕೂರಿಸಬೇಡಿ.